ತಂಪು ಎಲ್ಲಿ, ಎಷ್ಟು? ಶೀತಲೀ ಪ್ರಾಣಾಯಾಮದ ಒಂದು ಸಮೀಕ್ಷೆ

ಯುಗಾದಿ ಕಳೆದು ಬಿಸಿಲು ಏರತೊಡಗಿದಂತೆ ಯೋಗ ತರಗತಿಗಳ ಪಾಠವೂ ಬದಲಾಗುತ್ತದೆ. ಬಿರುಸಿನ ಉಸಿರಾಟದ ಭಸ್ತ್ರಿಕಾ ಹಿಂದೆ ಸರಿದು ಶೀತಲೀ, ಶೀತ್ಕಾರಿ ಮುಂದೆ ಬರುತ್ತವೆ. ನಾಲಿಗೆಯ ಎರಡೂ ಅಂಚು ಮೇಲಕ್ಕೆ ಮಡಿಸಿ, ಕೊಳವೆಯ ಆಕಾರ ಮಾಡಿ, ತುಟಿಯಿಂದ ತುಸು ಹೊರಗೆ ಚಾಚಿ, ಅದರ ಮೂಲಕ ಗಾಳಿಯನ್ನು ನಿಧಾನವಾಗಿ ಒಳಗೆಳೆದು, ಬಾಯಿ ಮುಚ್ಚಿ, ಮೂಗಿನಿಂದ ಹೊರಬಿಡುವುದು ಶೀತಲೀ. ಹಲ್ಲುಗಳ ನಡುವಿನಿಂದ ‘ಸ್ಸ್’ ಎಂಬ ಸದ್ದಿನೊಂದಿಗೆ ಎಳೆದುಕೊಂಡರೆ ಶೀತ್ಕಾರಿ. ಎರಡು ಉಸಿರು ಮುಗಿಯುವಷ್ಟರಲ್ಲಿ ನಾಲಿಗೆಯ ಮೇಲೆ ತಂಪು ಹರಡುತ್ತದೆ. ಇಷ್ಟು ಬೇಗ ಫಲ ತೋರುವ ಪ್ರಾಣಾಯಾಮ ಮತ್ತೊಂದಿಲ್ಲ. ಅದು ಜನಕ್ಕೆ ಹಿಡಿಸಿದ್ದಕ್ಕೂ, ಅದರ ಸುತ್ತ ಅತಿಮಾತುಗಳು ಬೆಳೆದದ್ದಕ್ಕೂ ಮೂಲ ಇದೇ.

ಅತಿಮಾತುಗಳ ಪಟ್ಟಿ ಸಣ್ಣದಲ್ಲ. ಮೈಯ ಕಾವು ಇಳಿಯುತ್ತದೆ, ರಕ್ತದೊತ್ತಡ ತಗ್ಗುತ್ತದೆ, ಬಾಯಾರಿಕೆ ಹಿಂಗುತ್ತದೆ, ಪಿತ್ತ ಶಮನವಾಗುತ್ತದೆ, ಜ್ವರ ಬಿಡುತ್ತದೆ ಎಂದೆಲ್ಲ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ. ಅಂತರರಾಷ್ಟ್ರೀಯ ಯೋಗ ದಿನಕ್ಕೆಂದು ಆಯುಷ್ ಸಚಿವಾಲಯ ರೂಪಿಸಿದ ಸಾಮಾನ್ಯ ಅಭ್ಯಾಸಕ್ರಮದಲ್ಲಿ ನಾಡಿಶೋಧನ, ಭ್ರಾಮರಿಗಳ ಜೊತೆಗೆ ಶೀತಲೀಗೂ ಜಾಗ ಸಿಕ್ಕಿದೆ. ಹಠಯೋಗಿಯ ಗುಡಿಸಲಿನಲ್ಲಿ ಗುರುವಿನ ಕಣ್ಣೆದುರು ನಡೆಯುತ್ತಿದ್ದ ಅಭ್ಯಾಸ ಇವತ್ತು ಮೈದಾನದಲ್ಲಿ ಸಾವಿರಾರು ಜನ ಒಟ್ಟಿಗೆ ಮಾಡುವಂಥದ್ದಾಗಿದೆ. ಹಾಗಾಗಿ ಈ ಮಾತುಗಳಲ್ಲಿ ಯಾವುದಕ್ಕೆ ಆಧಾರವಿದೆ, ಯಾವುದಕ್ಕಿಲ್ಲ, ಯಾವುದನ್ನು ನಂಬಿದರೆ ಅಪಾಯ ಎಂದು ಬಿಡಿಸಿ ನೋಡಬೇಕು. ನನ್ನ ನಿಲುವನ್ನು ಮೊದಲೇ ಹೇಳುತ್ತೇನೆ. ಶೀತಲೀ ತಣಿಸುವುದು ಬಾಯಿಯನ್ನು, ಮೈಯನ್ನಲ್ಲ. ಮನಸ್ಸಿಗೆ ಬರುವ ನೆಮ್ಮದಿಯ ಬಹುಪಾಲು ಉಸಿರಿನ ನಿಧಾನದಿಂದ ಬರುತ್ತದೆ. ಈ ಎರಡೂ ನಿಜವಾದ ಲಾಭಗಳೇ. ಅವಕ್ಕಾಗಿಯೇ ಅದನ್ನು ಕಲಿಯಬಹುದು, ಕಲಿಸಬಹುದು. ಆದರೆ ನೀರು, ನೆರಳು, ಮಾತ್ರೆ ಇವುಗಳ ಜಾಗದಲ್ಲಿ ಅದನ್ನು ಕೂರಿಸಬಾರದು.

ಮೊದಲು ಗ್ರಂಥಗಳ ಕಡೆ ತಿರುಗೋಣ. ಹದಿನೈದನೆಯ ಶತಮಾನದ್ದೆಂದು ಸಾಮಾನ್ಯವಾಗಿ ಒಪ್ಪಿರುವ ಸ್ವಾತ್ಮಾರಾಮನ ಹಠಯೋಗಪ್ರದೀಪಿಕೆ ಎರಡನೆಯ ಉಪದೇಶದಲ್ಲಿ ಎಂಟು ಕುಂಭಕಗಳನ್ನು ಹೇಳುತ್ತದೆ: ಸೂರ್ಯಭೇದನ, ಉಜ್ಜಾಯಿ, ಸೀತ್ಕಾರೀ (ಇಂದಿನ ಶೀತ್ಕಾರಿ), ಶೀತಲೀ, ಭಸ್ತ್ರಿಕಾ, ಭ್ರಾಮರೀ, ಮೂರ್ಛಾ, ಪ್ಲಾವಿನೀ. ಶೀತಲೀಗೆ ಅಲ್ಲಿ ದೊರೆತಿರುವುದು ಎರಡೇ ಶ್ಲೋಕ. ಗುಲ್ಮ, ಪ್ಲೀಹದ ತೊಂದರೆ, ಜ್ವರ, ಪಿತ್ತ, ಹಸಿವು, ಬಾಯಾರಿಕೆ, ಕೊನೆಗೆ ವಿಷ ಕೂಡ ಅದರಿಂದ ನಾಶವಾಗುತ್ತವೆ ಎಂಬುದು ಫಲಶ್ರುತಿ. ಸೀತ್ಕಾರಿಯ ಫಲಶ್ರುತಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅಭ್ಯಾಸಿ ಎರಡನೆಯ ಮನ್ಮಥನೇ ಆಗುತ್ತಾನೆ ಎನ್ನುತ್ತದೆ. ಅದಕ್ಕಿಂತ ಈಚಿನ ಘೇರಂಡ ಸಂಹಿತೆಯ ಎಂಟು ಕುಂಭಕಗಳಲ್ಲಿ ಶೀತಲೀ ಉಳಿದುಕೊಂಡಿದೆ, ಸೀತ್ಕಾರಿ ಇಲ್ಲ. ಅಲ್ಲಿ ಅಜೀರ್ಣ ಮತ್ತು ಕಫಪಿತ್ತಗಳ ಮಾತು ಬರುತ್ತದೆ. ಯೋಗಕುಂಡಲೀ ಉಪನಿಷತ್ತು ಕುಂಭಕಗಳನ್ನು ನಾಲ್ಕಕ್ಕೆ ಇಳಿಸಿದರೂ ಶೀತಲೀಯನ್ನು ಬಿಟ್ಟಿಲ್ಲ. ಪ್ರದೀಪಿಕೆಗೆ ಜ್ಯೋತ್ಸ್ನಾ ಎಂಬ ವ್ಯಾಖ್ಯಾನ ಬರೆದ ಬ್ರಹ್ಮಾನಂದನು ಸೂರ್ಯಭೇದನ, ಉಜ್ಜಾಯಿ ಉಷ್ಣ; ಸೀತ್ಕಾರಿ, ಶೀತಲೀ ಶೀತ; ಭಸ್ತ್ರಿಕಾ ಸಮಶೀತೋಷ್ಣ ಎಂದು ವಿಂಗಡಿಸುತ್ತಾನೆ. ಇಂದಿನ ಶಿಕ್ಷಕರು ಋತುಮಾನ ನೋಡಿ ಪ್ರಾಣಾಯಾಮ ಆರಿಸುವ ಪದ್ಧತಿಯ ಬೇರು ಇಂಥ ವಿಂಗಡಣೆಗಳಲ್ಲಿದೆ.

ಇಲ್ಲಿ ಒಂದು ಸಂಗತಿ ಗಮನಿಸಬೇಕು. ಈ ಗ್ರಂಥಗಳಿಗೆ ಶೀತಲೀ ಬೇಸಗೆಯ ಉಪಶಮನವಲ್ಲ, ಅದೊಂದು ಕುಂಭಕ. ಅಂದರೆ ಉಸಿರು ತುಂಬಿಕೊಂಡ ಮೇಲೆ ಹಿಡಿದಿಡುವುದೇ ಅದರ ತಿರುಳು. ಪೂರಕದ, ಅಂದರೆ ಉಸಿರು ಎಳೆದುಕೊಳ್ಳುವುದರ, ಕೊನೆಯಲ್ಲಿ ಗದ್ದವನ್ನು ಎದೆಗೆ ಒತ್ತುವ ಜಾಲಂಧರ ಬಂಧ, ರೇಚಕಕ್ಕೆ, ಅಂದರೆ ಉಸಿರು ಬಿಡುವುದಕ್ಕೆ, ಮುಂಚೆ ಹೊಟ್ಟೆಯನ್ನು ಒಳಗೆಳೆಯುವ ಉಡ್ಡಿಯಾನ ಬಂಧ ಎಂಬ ಶಿಸ್ತು ಅಲ್ಲಿದೆ. ಇಂದಿನ ತರಗತಿಗಳಲ್ಲಿ ಕುಂಭಕ ಬಹುತೇಕ ಮರೆಯಾಗಿದೆ; ಎಳೆದುಕೊಂಡು ಬಿಡುವುದಷ್ಟೇ ಉಳಿದಿದೆ. ಶಾಸ್ತ್ರನಿಷ್ಠರು ಇದನ್ನು ನಷ್ಟವೆಂದು ಬಗೆಯಬಹುದು. ನೂರಾರು ಅಪರಿಚಿತರಿಗೆ ಒಟ್ಟಿಗೆ ಕಲಿಸುವಾಗ ಕುಂಭಕ ಬಿಟ್ಟದ್ದೇ ಸರಿ ಎಂದು ನನಗನ್ನಿಸುತ್ತದೆ. ಆದರೆ ವಿಧಾನ ಬದಲಾದ ಮೇಲೂ ಹಳೆಯ ಫಲಶ್ರುತಿಯನ್ನು ಹಾಗೇ ಇಟ್ಟುಕೊಂಡು ಸಾರುವುದು ಸರಿಯಲ್ಲ. ಒಂದು ಅಭ್ಯಾಸದ ಫಲವನ್ನು ಇನ್ನೊಂದರ ಹೆಸರಿಗೆ ಬರೆದಂತಾಗುತ್ತದೆ.

ನಾಲಿಗೆ ಮಡಿಸುವ ವಿಷಯಕ್ಕೆ ಬಂದರೆ, ಅನೇಕರು ಅದು ಆಗದೆ ಮೊದಲ ದಿನವೇ ಬೇಸರಪಟ್ಟುಕೊಳ್ಳುತ್ತಾರೆ. ಪ್ರದೀಪಿಕೆಯ ಮೂಲ ಶ್ಲೋಕದಲ್ಲಿ ಕೊಳವೆಯ ಮಾತೇ ಇಲ್ಲ. ನಾಲಿಗೆಯಿಂದ ಗಾಳಿಯನ್ನು ಎಳೆದುಕೊಳ್ಳಬೇಕು ಎಂದಷ್ಟೇ ಇದೆ. ತುಟಿಯ ಹೊರಗೆ ಚಾಚಿದ ನಾಲಿಗೆ ಹಕ್ಕಿಯ ಕೆಳಕೊಕ್ಕಿನಂತೆ ಇರಬೇಕು ಎಂದು ಬಿಡಿಸಿ ಹೇಳಿದ್ದು ಜ್ಯೋತ್ಸ್ನಾ. ಶಿವಸಂಹಿತೆ ಕಾಗೆಯ ಕೊಕ್ಕಿನಂತೆ ಬಾಯಿ ಮಾಡಿ ಗಾಳಿಯನ್ನು ಕುಡಿಯಲು ಹೇಳುತ್ತದೆ, ಘೇರಂಡದಲ್ಲಿ ಕಾಕೀಮುದ್ರೆ ಇದೆ. ಮೇ ತಿಂಗಳ ನಡುಹಗಲು ಕಾಗೆಗಳು ಕೊಕ್ಕು ತೆರೆದು ಕೂರುವುದನ್ನು ಯಾರಾದರೂ ನೋಡಬಹುದು. ಹಕ್ಕಿಗೆ ಬೆವರುವ ಗ್ರಂಥಿಗಳಿಲ್ಲ. ಬಾಯಿ, ಗಂಟಲಿನ ತೇವ ಆರುವುದರಿಂದಲೇ ಅದರ ಮೈ ಬಹುಮಟ್ಟಿಗೆ ತಣಿಯಬೇಕು. ಹಠಯೋಗಿಗಳು ಪ್ರಾಣಿಪಕ್ಷಿಗಳನ್ನು ಕಣ್ಣಿಟ್ಟು ನೋಡುತ್ತಿದ್ದವರು; ಆಸನಗಳ ಹೆಸರುಗಳೇ ಅದನ್ನು ಹೇಳುತ್ತವೆ. ಈ ಕೊಕ್ಕಿನ ಕಲ್ಪನೆಯೂ ಅಂಥದೊಂದು ನೋಟದಿಂದ ಬಂದಿರಬಹುದು ಎಂದು ಊಹಿಸಲು ನನಗೆ ಇಷ್ಟ.

ನಾಲಿಗೆ ಮಡಿಸುವ ಶಕ್ತಿ ಹುಟ್ಟಿನಿಂದ ಬರುತ್ತದೆ, ಇಲ್ಲದವರಿಗೆ ಇಲ್ಲ ಎಂದು ಶಾಲೆಯ ಜೀವಶಾಸ್ತ್ರ ಪಾಠದಲ್ಲಿ ಹಲವರು ಕಲಿತಿರುತ್ತೇವೆ. 1940ರಲ್ಲಿ ಅಮೆರಿಕದ ತಳಿವಿಜ್ಞಾನಿ ಆಲ್‌ಫ್ರೆಡ್ ಸ್ಟರ್ಟವಂಟ್ ಪ್ರಕಟಿಸಿದ ಪ್ರಬಂಧದಿಂದ ಆ ಪಾಠ ಹುಟ್ಟಿತು. 1952ರಲ್ಲಿ ಫಿಲಿಪ್ ಮ್ಯಾಟ್‌ಲಾಕ್ ತದ್ರೂಪಿ ಅವಳಿಗಳ 33 ಜೋಡಿಗಳನ್ನು ಪರೀಕ್ಷಿಸಿದಾಗ 7 ಜೋಡಿಗಳಲ್ಲಿ ಒಬ್ಬರಿಗೆ ನಾಲಿಗೆ ಮಡಿಸಲು ಬರುತ್ತಿತ್ತು, ಇನ್ನೊಬ್ಬರಿಗೆ ಬರುತ್ತಿರಲಿಲ್ಲ. ಒಂದೇ ವಂಶವಾಹಿಯ ಕತೆ ಅಲ್ಲಿಗೆ ಮುರಿದುಬಿತ್ತು. ಸ್ಟರ್ಟವಂಟ್ ಮುಂದೆ ತಾವೇ ಆ ವಾದವನ್ನು ಕೈಬಿಟ್ಟರು. ಆದ್ದರಿಂದ ನಾಲಿಗೆ ಮಡಿಸಲು ಬಾರದವರು ತಮ್ಮ ಹಣೆಬರಹವೆಂದು ಕೂರಬೇಕಿಲ್ಲ. ಕೆಲವರಿಗೆ ಅಭ್ಯಾಸದಿಂದ ಬರುತ್ತದೆ. ಬಾರದಿದ್ದರೂ ಚಿಂತೆಯಿಲ್ಲ. ಶೀತ್ಕಾರಿ ಇದೆ. ಬೆಂಗಳೂರಿನ ಹೊರವಲಯ ಜಿಗಣಿಯ ಬಳಿಯ ಯೋಗಕೇಂದ್ರ ಪ್ರಶಾಂತಿ ಕುಟೀರದ ಪದ್ಧತಿಯಲ್ಲಿ ಸದಂತ ಎಂಬ ಮೂರನೆಯ ಬಗೆಯೂ ಇದೆ: ಮೇಲಿನ ಕೆಳಗಿನ ಹಲ್ಲುಗಳನ್ನು ಕೂಡಿಸಿ, ಸಂದುಗಳಿಂದ ಗಾಳಿ ಎಳೆಯುವುದು. ಮೂರರಲ್ಲೂ ತತ್ತ್ವ ಒಂದೇ, ಒದ್ದೆಯಾದ ಮೇಲ್ಮೈಯ ಮೇಲೆ ಗಾಳಿ ಹಾಯಬೇಕು.

ಆ ತತ್ತ್ವ ಏನು ಮಾಡುತ್ತದೆ, ಏನು ಮಾಡಲಾರದು ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ. ನೀರು ಆವಿಯಾಗಲು ಶಾಖ ಬೇಕು. ಮೈಯ ಬಿಸಿಯಲ್ಲಿ ಒಂದು ಗ್ರಾಂ ನೀರು ಆವಿಯಾದರೆ ಸುಮಾರು 0.58 ಕಿಲೊಕ್ಯಾಲರಿ ಶಾಖ ಹೊರಟುಹೋಗುತ್ತದೆ. ಕಲಬುರಗಿಯ ಬೇಸಗೆಯಲ್ಲಿ ಮಣ್ಣಿನ ಗಡಿಗೆಯ ನೀರು ತಣ್ಣಗಿರುವುದು ಇದರಿಂದಲೇ, ನಾಲಿಗೆ ತಣ್ಣಗಾಗುವುದೂ ಇದರಿಂದಲೇ. ಹೊರಗಿನ ಗಾಳಿ 40 ಡಿಗ್ರಿ ಇದ್ದು ಮೈಗಿಂತ ಬಿಸಿಯಾಗಿದ್ದರೂ, ಅದು ಒಣಗಾಳಿಯಾದರೆ ಒದ್ದೆ ನಾಲಿಗೆಯ ಮೇಲೆ ತಂಪು ಮೂಡುತ್ತದೆ. ಅದೇ ಮೇ ತಿಂಗಳಲ್ಲಿ ಮಂಗಳೂರಿನಲ್ಲಿ ಗಾಳಿ 33 ಡಿಗ್ರಿ ಇದ್ದರೂ ಅದು ಮೊದಲೇ ತೇವದಿಂದ ತುಂಬಿರುತ್ತದೆ. ನಾಲಿಗೆಯಿಂದ ಹೆಚ್ಚು ತೇವ ಹೀರಲಾರದು. ಕರಾವಳಿಯ ಅಭ್ಯಾಸಿಗಳು ಬೇಸಗೆಯಲ್ಲಿ ಅಷ್ಟೇನೂ ತಂಪು ಅನ್ನಿಸುವುದಿಲ್ಲ ಎಂದರೆ ಅದು ಅವರ ಅಭ್ಯಾಸದ ಕೊರತೆಯಲ್ಲ, ಊರಿನ ಹವೆ.

ಈಗ ಒಂದು ಲೆಕ್ಕ ಹಾಕೋಣ. ನಿಮಿಷಕ್ಕೆ ಆರು ಉಸಿರು, ಉಸಿರಿಗೆ ಮುಕ್ಕಾಲು ಲೀಟರ್ ಎಂದರೆ ಹತ್ತು ನಿಮಿಷದಲ್ಲಿ 45 ಲೀಟರ್ ಗಾಳಿ ಒಳಗೆ ಹೋಗುತ್ತದೆ. ಒಣಹವೆಯಲ್ಲಿ ಪ್ರತಿ ಲೀಟರ್ ಗಾಳಿ ಸುಮಾರು 30 ಮಿಲಿಗ್ರಾಂ ತೇವ ಹೀರಿಕೊಂಡಿತು ಎಂದಿಟ್ಟುಕೊಳ್ಳಿ. ಒಟ್ಟು ಒಂದೂವರೆ ಗ್ರಾಂಗಿಂತ ಕಡಿಮೆ ನೀರು. ಹೊರಹೋದ ಶಾಖ ಒಂದು ಕಿಲೊಕ್ಯಾಲರಿಗೂ ಕಡಿಮೆ. ಸುಮ್ಮನೆ ಕುಳಿತ ದೇಹ ಅದೇ ಹತ್ತು ನಿಮಿಷದಲ್ಲಿ ಹನ್ನೆರಡು ಕಿಲೊಕ್ಯಾಲರಿಯಷ್ಟು ಶಾಖ ಹುಟ್ಟಿಸುತ್ತದೆ. 60 ಕಿಲೊ ತೂಕದ ಮೈಯನ್ನು ಒಂದು ಡಿಗ್ರಿ ಇಳಿಸಲು ಸುಮಾರು 50 ಕಿಲೊಕ್ಯಾಲರಿ ಹೊರಹೋಗಬೇಕು. ಅಂದಮೇಲೆ ಹತ್ತು ನಿಮಿಷದ ಶೀತಲೀ ಇಳಿಸಬಲ್ಲ ತಾಪ ಒಂದು ಡಿಗ್ರಿಯ ಅರವತ್ತನೇ ಒಂದು ಪಾಲಿನ ಆಸುಪಾಸು. ಅದರಲ್ಲೂ ಬಹುಪಾಲು ಮೂಗಿನಿಂದ ಉಸಿರಾಡಿದ್ದರೂ ಆಗುತ್ತಿದ್ದದ್ದೇ, ಏಕೆಂದರೆ ಮೂಗೂ ಒಳಬರುವ ಗಾಳಿಗೆ ತೇವ ಸೇರಿಸುತ್ತದೆ. ನಾಯಿ ನಾಲಿಗೆ ಚಾಚಿ ಏದುವಾಗ ಮೈ ತಣಿಯುತ್ತದಲ್ಲ ಎಂದು ಕೇಳಬಹುದು. ನಾಯಿ ನಿಮಿಷಕ್ಕೆ ಮುನ್ನೂರರವರೆಗೆ ಮೇಲುಸಿರು ತೆಗೆಯುತ್ತದೆ. ಶೀತಲೀ ಅದಕ್ಕೆ ತದ್ವಿರುದ್ಧ, ಉಸಿರನ್ನು ಕಡಿಮೆ ಮಾಡುವ ವಿದ್ಯೆ. ಮನುಷ್ಯನ ಮೈ ತಣಿಸುವ ಕೆಲಸ ಬೆವರಿನದು. ಒಂದು ಲೀಟರ್ ಬೆವರು ಪೂರ್ತಿ ಆರಿದರೆ 580 ಕಿಲೊಕ್ಯಾಲರಿ ಶಾಖ ಹೋಗುತ್ತದೆ. ನಾಲಿಗೆಯ ಪಾಲು ಅದರ ಮುಂದೆ ಲೆಕ್ಕಕ್ಕೇ ಸಿಗದು.

ಲೆಕ್ಕ ಹೇಳಿದ್ದನ್ನು ಪ್ರಯೋಗವೂ ಹೇಳಿದೆ, ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. ಶರ್ಲಿ ಟೆಲ್ಲಿಸ್ ಬೆಂಗಳೂರಿನಲ್ಲಿ ಬಹುಕಾಲ ಯೋಗದ ಮೇಲೆ ಸಂಶೋಧನೆ ನಡೆಸಿ ನಂತರ ಹರಿದ್ವಾರದ ಪತಂಜಲಿ ಸಂಶೋಧನಾ ಪ್ರತಿಷ್ಠಾನಕ್ಕೆ ಹೋದವರು. ಅವರು ಮತ್ತು ಸಂಗಡಿಗರು ಶೀತಲೀ, ಶೀತ್ಕಾರಿ ಮಾಡುವಾಗ ಅಭ್ಯಾಸಿಗಳ ಮೈತಾಪವನ್ನೂ ಅವರು ಬಳಸುವ ಆಮ್ಲಜನಕವನ್ನೂ ಅಳೆದು 2020ರಲ್ಲಿ ವರದಿ ಪ್ರಕಟಿಸಿದರು. ತಾಪ ಇಳಿಯಲಿಲ್ಲ, ತುಸು ಏರಿತ್ತು. ಆಮ್ಲಜನಕದ ಬಳಕೆಯೂ ಶೇಕಡಾ ಹತ್ತರೊಳಗೆ ಏರಿತ್ತು. ಸಂಪ್ರದಾಯ ಶೀತವೆನ್ನುವ ಈ ಉಸಿರಾಟಗಳಿಗೆ ಆ ವಿಶೇಷಣ ಅಳತೆಯಲ್ಲಿ ಒಪ್ಪುವುದಿಲ್ಲ ಎಂಬುದೇ ಅವರ ತೀರ್ಮಾನ. ಟೆಲ್ಲಿಸ್, ಆರ್. ನಾಗರತ್ನ, ಎಚ್.ಆರ್. ನಾಗೇಂದ್ರ ಬೆಂಗಳೂರಿನಿಂದ 1994ರಲ್ಲಿ ಪ್ರಕಟಿಸಿದ ಇನ್ನೊಂದು ಕೆಲಸವನ್ನೂ ಇದರ ಪಕ್ಕದಲ್ಲಿಟ್ಟು ನೋಡಬೇಕು. ತಿಂಗಳ ಕಾಲ ಬಲ ಮೂಗಿನ ಹೊಳ್ಳೆಯಿಂದ ಉಸಿರಾಡಿದವರಲ್ಲಿ ಆಮ್ಲಜನಕದ ಬಳಕೆ ಶೇ. 37 ಹೆಚ್ಚಿತ್ತು, ಬಲ ಹೊಳ್ಳೆ ಉಷ್ಣ ಎಂಬ ಪರಂಪರೆಯ ಮಾತಿಗೆ ಇದು ಹೊಂದುತ್ತದೆ. ಆದರೆ ತಂಪೆಂದು ಹೇಳುವ ಎಡ ಹೊಳ್ಳೆಯವರಲ್ಲೂ ಅದು ಶೇ. 24 ಹೆಚ್ಚಿತ್ತು. ಪರಂಪರೆಯ ಒಂದು ಮಾತು ಅಳತೆಗೆ ಸಿಕ್ಕಿತೆಂದು ಹಿಗ್ಗುವವರು ಸಿಗದ ಮಾತನ್ನೂ ಅಷ್ಟೇ ಗೌರವದಿಂದ ಒಪ್ಪಿಕೊಳ್ಳಬೇಕು. ಯೋಗದ ಮೇಲೆ ಪ್ರೀತಿ ಇರುವವರೇ ಅಳತೆಗೋಲು ಹಿಡಿದು, ಸಂಪ್ರದಾಯಕ್ಕೆ ಒಪ್ಪದ ಫಲಿತಾಂಶವನ್ನೂ ಮುಚ್ಚಿಡದೆ ಪ್ರಕಟಿಸಿದ್ದಾರೆ. ಈ ವಿದ್ಯೆಗೆ ಅದಕ್ಕಿಂತ ದೊಡ್ಡ ಸೇವೆ ಬೇರಿಲ್ಲ.

ಮೈ ತಣಿಯದಿದ್ದರೆ ಅಷ್ಟೊಂದು ತಂಪು ಅನ್ನಿಸುವುದೇಕೆ? ನಾಲಿಗೆ ಮತ್ತು ಗಂಟಲಿನಲ್ಲಿ ತಂಪನ್ನು ಗುರುತಿಸುವ ನರತುದಿಗಳು ದಟ್ಟವಾಗಿವೆ. ಪುದೀನ ಜಗಿದಾಗ ಬಾಯಿ ತಣ್ಣಗೆನಿಸುವುದಕ್ಕೆ ಕಾರಣವಾದ ಗ್ರಾಹಕವನ್ನು 2002ರಲ್ಲಿ ಗುರುತಿಸಲಾಯಿತು; ತಾಪ ಮತ್ತು ಸ್ಪರ್ಶದ ಗ್ರಾಹಕಗಳ ಶೋಧಕ್ಕೆ 2021ರಲ್ಲಿ ಡೇವಿಡ್ ಜೂಲಿಯಸ್, ಆರ್ಡೆಮ್ ಪಟಪೌಟಿಯನ್ ಅವರಿಗೆ ನೊಬೆಲ್ ಸಂದಿತು. ಪುದೀನದಿಂದ ಬಾಯಿಯ ತಾಪ ಇಳಿಯುವುದಿಲ್ಲ, ನರಕ್ಕೆ ತಂಪಿನ ಸುದ್ದಿ ಮಾತ್ರ ಹೋಗುತ್ತದೆ. ಶೀತಲೀಯಲ್ಲಿ ನಾಲಿಗೆಯ ಮೇಲ್ಮೈ ನಿಜಕ್ಕೂ ತಣ್ಣಗಾಗುತ್ತದೆ, ಸುದ್ದಿ ಸುಳ್ಳಲ್ಲ. ಆದರೆ ಮಿದುಳು ಅದನ್ನು ಇಡೀ ಮೈಯ ಸುಖವಾಗಿ ಅನುಭವಿಸುತ್ತದೆ. ಬಿಸಿಲಲ್ಲಿ ಓಡುವ ಕ್ರೀಡಾಪಟುಗಳು ಮೆಂಥಾಲ್ ಬೆರೆತ ನೀರಿನಿಂದ ಬಾಯಿ ಮುಕ್ಕಳಿಸಿದಾಗ ಮೈತಾಪ ಇಳಿಯದಿದ್ದರೂ ಹೆಚ್ಚು ಹೊತ್ತು ತಾಳಿಕೊಳ್ಳುತ್ತಾರೆಂದು ಕ್ರೀಡಾವಿಜ್ಞಾನದ ಹಲವು ಅಧ್ಯಯನಗಳು ಕಂಡಿವೆ. ಹೀಗೆ ಅನ್ನಿಸುವುದಕ್ಕೂ ಬೆಲೆಯಿದೆ. ಸೆಕೆಯಲ್ಲಿ ಮನಸ್ಸು ಕುದಿಯುತ್ತಿರುವಾಗ ಐದು ನಿಮಿಷ ಬಾಯಿ ತಂಪಾಗಿ, ಉಸಿರು ನಿಧಾನವಾದರೆ ಅದು ಪುಣ್ಯವೇ.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿರುವುದು ಬಾಯಾರಿಕೆಯ ವಿಷಯ. ಪ್ರದೀಪಿಕೆಯ ಫಲಶ್ರುತಿಯಲ್ಲಿ ವಿಷನಾಶದಂಥ ಮಾತನ್ನು ಬದಿಗಿಟ್ಟರೂ ಬಾಯಾರಿಕೆ ಹಿಂಗುತ್ತದೆ ಎಂಬ ಮಾತಿಗೆ ಇಂದಿನ ವಿಜ್ಞಾನ ಒಂದು ದಾರಿ ತೋರಿಸಿದೆ. 2016ರಲ್ಲಿ ಕ್ಯಾಲಿಫೋರ್ನಿಯಾದ ಜಕಾರಿ ನೈಟ್ ಅವರ ತಂಡ ಇಲಿಗಳ ಮಿದುಳಿನಲ್ಲಿ ಬಾಯಾರಿಕೆಯ ನರಕೋಶಗಳು ಮಿಡಿಯುವುದನ್ನು ನೇರವಾಗಿ ದಾಖಲಿಸಿತು. ನೀರು ರಕ್ತಕ್ಕೆ ಸೇರುವ ಬಹಳ ಮೊದಲೇ, ಕುಡಿಯತೊಡಗಿದ ಕೂಡಲೇ ಆ ಕೋಶಗಳು ಶಾಂತವಾಗುತ್ತಿದ್ದವು. ತಣ್ಣೀರಿಗೆ ಇನ್ನೂ ಬೇಗ. ಹನಿ ನೀರೂ ಇಲ್ಲದೆ ಬಾಯಿಯನ್ನು ತಣ್ಣನೆಯ ಲೋಹದಿಂದ ತಣಿಸಿದರೂ ಅವು ಸುಮ್ಮನಾಗುತ್ತಿದ್ದವು. ಆಸ್ಪತ್ರೆಗಳಲ್ಲಿ ನೀರು ಕುಡಿಯಬಾರದ ರೋಗಿಗೆ ಮಂಜುಗಡ್ಡೆಯ ಚೂರು ಕೊಟ್ಟು ಸಮಾಧಾನಪಡಿಸುವುದೂ ಇದೇ ಬಗೆಯದು. ಹಠಯೋಗಿಯ ಅನುಭವ ಹುಸಿಯಾಗಿರಲಿಲ್ಲ. ಅಪಾಯವೂ ಅಲ್ಲೇ ಇದೆ. ಬಾಯಾರಿಕೆ ಹಿಂಗಿತು, ಆದರೆ ಮೈಗೆ ನೀರು ಬರಲಿಲ್ಲ. ಅಷ್ಟಲ್ಲದೆ ಬಾಯಿಂದ ಎಳೆದು ಮೂಗಿನಿಂದ ಬಿಡುವಾಗ, ಹೊರಹೋಗುವ ಗಾಳಿಯ ತೇವವನ್ನು ಮೂಗು ಎಂದಿನಷ್ಟು ಹಿಡಿದಿಟ್ಟುಕೊಳ್ಳಲಾರದು. ತುಸು ಹೆಚ್ಚೇ ನೀರು ಖರ್ಚಾಗುತ್ತದೆ. ರಾಯಚೂರಿನ ಹೊಲದಲ್ಲಿ, ರಸ್ತೆ ಕೆಲಸದಲ್ಲಿ, ಪರೀಕ್ಷೆಗೆ ಓಡುವ ಬಸ್ಸಿನಲ್ಲಿ ನೀರಡಿಕೆಯ ಸಂಕೇತ ಅಡಗಿಸಿಕೊಂಡರೆ ಅನಾಹುತಕ್ಕೆ ದಾರಿ. ಬೇಸಗೆಯಲ್ಲಿ ಶೀತಲೀ ಹೇಳಿಕೊಡುವ ಪ್ರತಿ ಶಿಕ್ಷಕರೂ ಅದರ ಜೊತೆಗೆ ಒಂದು ಲೋಟ ನೀರನ್ನೋ ಮಜ್ಜಿಗೆಯನ್ನೋ ಹೇಳಲೇಬೇಕು. ರಾಮನವಮಿಗೆ ಪಾನಕ, ನೀರುಮಜ್ಜಿಗೆ ಹಂಚುವ ನಮ್ಮ ರೂಢಿ ಈ ವಿಷಯದಲ್ಲಿ ಎಷ್ಟೋ ಸರಿಯಾದ ವಿವೇಕ.

ಬಿಸಿಲಾಘಾತದ ಬಗ್ಗೆ ಇನ್ನೂ ಖಚಿತವಾಗಿ ಹೇಳಬೇಕು. ಮೈತಾಪ 40 ಡಿಗ್ರಿ ಮೀರಿ, ಮಾತು ತೊದಲಿ, ಅರಿವು ಮಸುಕಾದವರಿಗೆ ಯಾವ ಪ್ರಾಣಾಯಾಮವೂ ಮದ್ದಲ್ಲ. ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಮೈಗೆ ನೀರು ಸುರಿದು, ಗಾಳಿ ಬೀಸುತ್ತ ಆಸ್ಪತ್ರೆಗೆ ಸಾಗಿಸಬೇಕು. ಜ್ವರಕ್ಕೂ ಶೀತಲೀ ಚಿಕಿತ್ಸೆಯಲ್ಲ. ಜ್ವರದಲ್ಲಿ ಮಿದುಳೇ ತಾಪದ ಗುರಿಯನ್ನು ಮೇಲಕ್ಕೆ ಇಟ್ಟಿರುತ್ತದೆ, ನಾಲಿಗೆಯ ತಂಪು ಅದನ್ನು ಕದಲಿಸಲಾರದು.

ರಕ್ತದೊತ್ತಡದ ವಿಷಯಕ್ಕೆ ಬಂದರೆ ನೆಲ ಹೆಚ್ಚು ಗಟ್ಟಿಯಿದೆ. ಉಜಿರೆಯ ಎಸ್‌ಡಿಎಂ ಪ್ರಕೃತಿ ಚಿಕಿತ್ಸಾ ಮತ್ತು ಯೋಗ ವಿಜ್ಞಾನ ಕಾಲೇಜಿನವರು ಏರುರಕ್ತದೊತ್ತಡ ಇರುವವರಿಗೆ ಶೀತಲೀ, ಶೀತ್ಕಾರಿ ಅಭ್ಯಾಸ ಮಾಡಿಸಿ 2017ರಲ್ಲಿ ವರದಿ ಪ್ರಕಟಿಸಿದರು; ಮೇಲಿನ ಒತ್ತಡ ಇಳಿದದ್ದು ಅದರಲ್ಲಿ ದಾಖಲಾಗಿದೆ. ಇದನ್ನು ನಾನು ನಂಬುತ್ತೇನೆ, ಏಕೆಂದರೆ ಇದಕ್ಕೆ ಹೊಂದುವ ವಿವರಣೆ ಬೇರೆ ಕಡೆಯಿಂದಲೂ ಸಿಗುತ್ತದೆ. ಇಟಲಿಯ ಲುಚಾನೊ ಬೆರ್ನಾರ್ಡಿ ಮತ್ತು ಸಂಗಡಿಗರು 2001ರಲ್ಲಿ ಕ್ರೈಸ್ತರ ಜಪಮಾಲೆಯ ಪ್ರಾರ್ಥನೆಯನ್ನೂ ಬೌದ್ಧರ ಮಣಿಪದ್ಮ ಮಂತ್ರವನ್ನೂ ಹೇಳಿಸಿ ನೋಡಿದರು. ಎರಡರಲ್ಲೂ ಉಸಿರು ತಾನಾಗಿ ನಿಮಿಷಕ್ಕೆ ಆರರ ಹತ್ತಿರ ಬಂದು ನಿಂತಿತು. ರಕ್ತದೊತ್ತಡ ಏರಿಳಿದಾಗ ಹೃದಯದ ಬಡಿತವನ್ನು ಸರಿಹೊಂದಿಸುವ ಸಹಜ ಪ್ರತಿಕ್ರಿಯೆ ಆ ಗತಿಯಲ್ಲಿ ಚುರುಕಾಯಿತು. ಸರಿಯಾಗಿ ಕಲಿತ ಶೀತಲೀಯೂ ಇದೇ ಗತಿಗೆ ಬಂದು ನಿಲ್ಲುತ್ತದೆ. ಮಡಿಸಿದ ನಾಲಿಗೆಯ ಸಂದು ಕಿರಿದು. ಅದರಿಂದ ಗಾಳಿ ಎಳೆಯಲು ನಿಧಾನ ಬೇಕೇ ಬೇಕು, ಅವಸರ ಮಾಡಲು ಅದು ಬಿಡುವುದೇ ಇಲ್ಲ. ಉಸಿರು ನಿಧಾನ ಮಾಡಿ ಎಂದರೆ ಪರದಾಡುವವರು ಶೀತಲೀ ಮಾಡಿ ಎಂದರೆ ಸಲೀಸಾಗಿ ನಿಧಾನಕ್ಕೆ ಬರುತ್ತಾರೆ. ಈ ಪ್ರಾಣಾಯಾಮದ ನಿಜವಾದ ಜಾಣತನ ಇರುವುದು ಇಲ್ಲಿ ಎಂದು ನನಗನ್ನಿಸುತ್ತದೆ. ತಂಪು ಮನಸ್ಸನ್ನು ನಾಲಿಗೆಯ ಮೇಲೆ ಕಟ್ಟಿಹಾಕುತ್ತದೆ, ಸಂದು ಉಸಿರನ್ನು ಕಟ್ಟಿಹಾಕುತ್ತದೆ.

ಹಳೆಯ ಎಚ್ಚರಿಕೆಗಳನ್ನು ಈ ಬೆಳಕಿನಲ್ಲಿ ಓದಬೇಕು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿ, ಮೈಸೂರಿನಲ್ಲಿ ಕೃಷ್ಣಮಾಚಾರ್ಯರ ಬಳಿ ಯೋಗ ಕಲಿತ ಬಿ.ಕೆ.ಎಸ್. ಅಯ್ಯಂಗಾರ್ ತಮ್ಮ 1966ರ ಪ್ರಸಿದ್ಧ ಇಂಗ್ಲಿಷ್ ಗ್ರಂಥದಲ್ಲಿ ಶೀತಲೀಯನ್ನು ವಿವರಿಸಿ, ಏರುರಕ್ತದೊತ್ತಡ ಇರುವವರು ಕುಂಭಕ ಬಿಡಬೇಕೆಂದು ಎಚ್ಚರಿಸಿದ್ದಾರೆ. ಬಿಹಾರ ಯೋಗ ಪರಂಪರೆ ಕಡಿಮೆ ರಕ್ತದೊತ್ತಡ, ಉಬ್ಬಸ, ಕಫ ಇರುವವರಿಗೆ ಇದು ಬೇಡ ಎನ್ನುತ್ತದೆ. ಚಳಿಗಾಲದಲ್ಲೂ ಹೊಲಸು ಗಾಳಿಯಲ್ಲೂ ಬೇಡ ಎನ್ನುತ್ತದೆ. ಕೊನೆಯ ಮಾತು ಇಂದಿನ ನಗರಗಳಿಗೆ ಬಹಳ ದೊಡ್ಡದು. ಮೂಗು ಗಾಳಿಯನ್ನು ಸೋಸುತ್ತದೆ, ಬೆಚ್ಚಗೆ ಮಾಡುತ್ತದೆ, ತೇವಗೊಳಿಸುತ್ತದೆ. ಬಾಯಿಗೆ ಸೋಸುವ ಕೂದಲೂ ಇಲ್ಲ, ಮೂಗಿನೊಳಗಿನಂಥ ತಿರುವುಗಳೂ ಇಲ್ಲ. ಒಣಗಾಳಿ ನೇರ ಶ್ವಾಸನಾಳಕ್ಕೆ ನುಗ್ಗಿದರೆ ಉಬ್ಬಸ ಕೆರಳಬಹುದು. ಹೊಗೆ ತುಂಬಿದ ಮುಖ್ಯರಸ್ತೆಯ ಪಕ್ಕದ ಪಾರ್ಕಿನಲ್ಲಿ, ವಾಹನ ಓಡಾಟ ಶುರುವಾದ ಮೇಲೆ, ನಾಲಿಗೆ ಚಾಚಿ ಕೂರುವುದಕ್ಕಿಂತ ಮನೆಯೊಳಗೆ ಮೂಗಿನಿಂದಲೇ ಉಸಿರಾಡುವ ನಾಡಿಶೋಧನ ಮಾಡುವುದು ಮೇಲು. ಸಾಮೂಹಿಕ ಕಾರ್ಯಕ್ರಮಗಳನ್ನು ಏರ್ಪಡಿಸುವವರು ಈ ಒಂದು ಅಂಶದ ಕಡೆಗಾದರೂ ಗಮನ ಕೊಡಬೇಕೆಂದು ನಾನು ಕೇಳಿಕೊಳ್ಳುತ್ತೇನೆ.

ಇನ್ನು ಪಿತ್ತ. ನಮ್ಮ ಮನೆಗಳಲ್ಲಿ ‘ಉಷ್ಣ ಆಗಿದೆ’ ಎಂದರೆ ಅದು ಥರ್ಮಾಮೀಟರಿನ ಮಾತಲ್ಲ. ಕಣ್ಣುರಿ, ಬಾಯಿಹುಣ್ಣು, ಉರಿಮೂತ್ರ, ಹೊಟ್ಟೆಯುರಿ, ಸಿಡುಕು ಎಲ್ಲವೂ ಅದರೊಳಗೆ ಬರುತ್ತವೆ. ಶೀತಲೀ ಉಷ್ಣ ಇಳಿಸುತ್ತದೆ ಎಂದು ಹಿರಿಯರು ಹೇಳಿದ್ದು ಈ ಅರ್ಥದಲ್ಲಿ. ಅದನ್ನು ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಳೆದು ಸುಳ್ಳೆನ್ನುವುದು ನ್ಯಾಯವಲ್ಲ. ಹಾಗೆಯೇ ‘ದೇಹದ ಉಷ್ಣಾಂಶ ಇಳಿಯುತ್ತದೆ’ ಎಂದು ವಿಜ್ಞಾನದ ಭಾಷೆಯಲ್ಲಿ ಹೇಳಿ ಪಿತ್ತದ ಪರವಾಗಿ ಸಾಕ್ಷಿ ನುಡಿಸುವುದೂ ನ್ಯಾಯವಲ್ಲ. ಸಿಡುಕು ಇಳಿಯುತ್ತದೆ ಎಂಬುದನ್ನು ನಿಧಾನ ಉಸಿರಿನ ವಿಜ್ಞಾನ ಬೆಂಬಲಿಸುತ್ತದೆ. ಉರಿಮೂತ್ರಕ್ಕೆ ಸೋಂಕು ಕಾರಣವಾಗಿರಬಹುದು. ಅಲ್ಲಿ ಬೇಕಾದ್ದು ಮೂತ್ರಪರೀಕ್ಷೆ, ನೀರು, ವೈದ್ಯರು. ಮುಟ್ಟು ನಿಲ್ಲುವ ಕಾಲದಲ್ಲಿ ಮೈಗೆಲ್ಲ ದಿಢೀರನೆ ಬಿಸಿ ಹಬ್ಬಿ ಬೆವರುವ ಹೆಂಗಸರಿಗೂ ಶೀತಲೀ ಹೇಳಿಕೊಡುತ್ತಾರೆ. ನಿಧಾನ ಉಸಿರಾಟದಿಂದ ಆ ಬಿಸಿ ಕಡಿಮೆಯಾಗುತ್ತದೆಂದು ತೊಂಬತ್ತರ ದಶಕದ ಸಣ್ಣ ಅಧ್ಯಯನಗಳು ಆಸೆ ಹುಟ್ಟಿಸಿದ್ದವು. ಮುಂದಿನ ದೊಡ್ಡ ಅಧ್ಯಯನಗಳಲ್ಲಿ ಅದು ಉಳಿಯಲಿಲ್ಲ. ಆ ಹೊತ್ತಿನ ಗಾಬರಿ ತಗ್ಗಿಸಲು ಅದು ನೆರವಾದರೆ ಮಾಡಲಿ, ಆದರೆ ಬಿಸಿ ನಿಲ್ಲಲಿಲ್ಲವೆಂದು ತಮ್ಮನ್ನು ತಾವು ಹಳಿದುಕೊಳ್ಳಬೇಕಾಗಿಲ್ಲ.

ಕಲಿಯಬಯಸುವವರಿಗೆ ವಿಧಾನ ಕಷ್ಟದ್ದಲ್ಲ. ಊಟವಾಗಿ ಮೂರು ಗಂಟೆಯಾದರೂ ಆಗಿರಲಿ. ಹಲ್ಲುಜ್ಜಿ, ನಾಲಿಗೆ ಕೆರೆದು, ಎರಡು ಗುಟುಕು ನೀರು ಕುಡಿದು ಕೂರಬೇಕು. ಒಣಗಿದ ನಾಲಿಗೆಯಲ್ಲಿ ತಂಪೇ ಹುಟ್ಟದು. ಸುಖಾಸನವೋ ಕುರ್ಚಿಯೋ, ಬೆನ್ನು ನೆಟ್ಟಗಿದ್ದರೆ ಸಾಕು. ನಾಲ್ಕು ಎಣಿಸುವಷ್ಟು ಹೊತ್ತು ನಾಲಿಗೆಯಿಂದ ಎಳೆದು, ನಾಲಿಗೆ ಒಳಗೆ ತೆಗೆದುಕೊಂಡು ಬಾಯಿ ಮುಚ್ಚಿ, ಆರು ಎಣಿಸುವಷ್ಟು ಹೊತ್ತು ಎರಡೂ ಹೊಳ್ಳೆಗಳಿಂದ ಬಿಡಬೇಕು. ಭುಜ ಎತ್ತಬಾರದು, ಎದೆ ಉಬ್ಬಿಸಿ ತುಂಬಬಾರದು, ಎಂದಿನ ಉಸಿರಿಗಿಂತ ತುಸು ಹೆಚ್ಚಿದ್ದರೆ ಸಾಕು. ಐದಾರು ಉಸಿರಿನಿಂದ ಶುರುಮಾಡಿ, ಕೆಲವು ವಾರಗಳಲ್ಲಿ ಐದು ನಿಮಿಷಕ್ಕೆ ಏರಿಸಬಹುದು. ತಲೆ ಸುತ್ತಿದರೆ, ಬೆರಳ ತುದಿ ಜುಮುಗುಟ್ಟಿದರೆ ಉಸಿರು ತೀರಾ ಆಳವಾಗಿ, ಬೇಗಬೇಗ ಆಗುತ್ತಿದೆ ಎಂದರ್ಥ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕುಸಿದಾಗ ಹೀಗಾಗುತ್ತದೆ. ನಿಲ್ಲಿಸಿ ಸುಮ್ಮನೆ ಮೂಗಿನಿಂದ ಉಸಿರಾಡಬೇಕು. ಹಲ್ಲು ಜುಮ್ಮೆನ್ನುವವರು ಶೀತ್ಕಾರಿ, ಸದಂತ ಬಿಟ್ಟು ಶೀತಲೀಗೇ ಬರಲಿ. ನೆಗಡಿ, ಗಂಟಲು ಕೆರೆತ ಇದ್ದ ದಿನ ಬೇಡ. ಹೃದ್ರೋಗಿಗಳು, ಗರ್ಭಿಣಿಯರು ಕುಂಭಕಕ್ಕೆ ಕೈಹಾಕಬಾರದು, ವೈದ್ಯರನ್ನು ಕೇಳದೆ ಶುರುಮಾಡಬಾರದು. ಒತ್ತಡದ ಮಾತ್ರೆ ನುಂಗುವವರು ಶೀತಲೀ ಶುರುಮಾಡಿದೆನೆಂದು ಮಾತ್ರೆ ಬಿಡಬಾರದು. ಮನೆಯಲ್ಲೇ ಒತ್ತಡ ಅಳೆದು ಬರೆದಿಟ್ಟು, ಇಳಿದದ್ದು ನಿಜವಾಗಿದ್ದರೆ ಮಾತ್ರೆ ಕಡಿಮೆ ಮಾಡುವ ತೀರ್ಮಾನವನ್ನು ವೈದ್ಯರಿಗೇ ಬಿಡಬೇಕು.

ಸಂಶೋಧನೆಯಲ್ಲಿ ನನಗೆ ಕಾಣುವ ಮುಖ್ಯ ಕೊರತೆ ಹೋಲಿಕೆಯದು. ಶೀತಲೀ ಮಾಡಿದವರನ್ನು ಏನೂ ಮಾಡದವರ ಜೊತೆ ಹೋಲಿಸಿದರೆ ಫಲ ಯಾವುದರಿಂದ ಬಂತೆಂದು ತಿಳಿಯುವುದಿಲ್ಲ. ಒಂದು ಗುಂಪು ನಾಲಿಗೆಯಿಂದ, ಇನ್ನೊಂದು ಅದೇ ಗತಿಯಲ್ಲಿ ಮೂಗಿನಿಂದ, ಮೂರನೆಯದು ಬಾಯಲ್ಲಿ ಮಂಜಿನ ಚೂರಿಟ್ಟುಕೊಂಡು ಎಂದಿನ ಉಸಿರಾಟದಲ್ಲಿ ಕುಳಿತರೆ ತಂಪಿನ ಪಾಲೆಷ್ಟು, ನಿಧಾನದ ಪಾಲೆಷ್ಟು ಎಂದು ಬೇರೆಯಾಗಿ ಕಾಣುತ್ತದೆ. ಅದೇ ಪ್ರಯೋಗವನ್ನು ಒಂದೇ ಬೇಸಗೆಯಲ್ಲಿ ಕಲಬುರಗಿಯ ಒಣಹವೆಯಲ್ಲೊಮ್ಮೆ, ಮಂಗಳೂರಿನ ತೇವದಲ್ಲೊಮ್ಮೆ ನಡೆಸಿ, ಬಗಲಿನ ತಾಪದ ಬದಲು ದೇಹದೊಳಗಿನ ತಾಪವನ್ನೂ ಪ್ರತಿಯೊಬ್ಬರೂ ಆಮೇಲೆ ಕುಡಿದ ನೀರನ್ನೂ ಅಳೆಯಬೇಕು. ಎರಡೂ ಹವೆ ಒಂದೇ ರಾಜ್ಯದೊಳಗೆ ಸಿಗುವುದು ನಮ್ಮ ಭಾಗ್ಯ. ಯೋಗ ಕಲಿಸುವ, ಯೋಗದ ಮೇಲೆ ಸಂಶೋಧನೆ ನಡೆಸುವ ಸಂಸ್ಥೆಗಳೂ ಇಲ್ಲಿಯೇ ಇರುವಾಗ ಈ ಕೆಲಸಕ್ಕೆ ಕರ್ನಾಟಕಕ್ಕಿಂತ ಒಳ್ಳೆಯ ಜಾಗ ನನಗೆ ಕಾಣದು.